ಮೂಗು ಸವೆದ ರಾಣಿಗೆ ಎಷ್ಟು ಮಾರ್ಕು?

ಇಡೀ ಕಿರುಗಾವಲಿನಲ್ಲಿ ನಮ್ಮ ಸೋದರತ್ತೆಯಷ್ಟು ದುಡ್ಡಿರುವವರು ಇನ್ನೊಬ್ಬರಿಲ್ಲ. ಆದರೆ ಆ ದುಡ್ಡಿಗೆ ಒಂದು ಲೋಟ ಕಾಫಿಯೂ ಬರುವುದಿಲ್ಲ! ಕಾಲಾಣೆ, ಅರ್ಧಾಣೆ, ತೂತಿನ ಕಾಸು, ರಾಜರ ರೂಪಾಯಿ, ರಾಣಿಯ ರೂಪಾಯಿ ಎಲ್ಲವೂ ಅವರ ಉಪ್ಪಿನಕಾಯಿ ಜಾಡಿಗಳಲ್ಲಿ ಮಲಗಿವೆ. ಬ್ಯಾಂಕಿನ ಲಾಕರು ಯಾಕೆ ಬೇಡವೆಂದರೆ, ಅಲ್ಲಿ ಗಾಳಿ ಆಡುವುದಿಲ್ಲವಂತೆ. ಜಾಡಿಯಲ್ಲಿ ಆಡುತ್ತದೆಯೇ? ಕೇಳುವ ಧೈರ್ಯ ಯಾರಿಗಿದೆ!

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಅಷ್ಟನ್ನೂ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಾರೆ. "ಲಕ್ಷ್ಮೀನ ಕೊಳೇಲಿ ಕೂರುಸ್ತಾರೇನಮ್ಮಿ?"

ಎಲ್ಲಕ್ಕಿಂತ ಹೆಮ್ಮೆ ರಾಣಿಯ ಮುಖ ಅಚ್ಚಾದ ಬೆಳ್ಳಿ ರೂಪಾಯಿಯದು. ಬೀದಿಯಲ್ಲಿ ಯಾರ ಮದುವೆಯಾದರೂ ಕಳಶದ ನೀರಿಗೆ ಅದೇ ಬೀಳಬೇಕು. ಒಂದು ಮದುವೆಯಲ್ಲಿ ಅತ್ತೆ ಬರುವುದು ತಡವಾಗಿ ಪುರೋಹಿತರಿಗೂ ಅವರಿಗೂ ಜಗಳವಾದದ್ದು ನನಗೆ ಚೆನ್ನಾಗಿ ನೆನಪಿದೆ. ಅದು ಮದುವೆಯಲ್ಲ, ಗೃಹಪ್ರವೇಶ ಎನ್ನುತ್ತಾಳೆ ಅಮ್ಮ. ನಾನು ಬರೆದಿಡುವ ದಿನಚರಿಯಲ್ಲಿ ಎರಡೂ ಇಲ್ಲ!

ಈ ವರ್ಷ ಅತ್ತೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಬಿಟ್ಟರು. ಹಳೆಯ ನಾಣ್ಯವನ್ನು ಕಂಪನಿಗೆ ಕಳಿಸಿದರೆ ಅವರು ಪರೀಕ್ಷಿಸಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಕಳಿಸುತ್ತಾರಂತೆ.

"ನಂದ್ಕೂ ಸರ್ಟಿಫಿಕೇಟ್ ಬೇಕು ಕಣಮ್ಮಿ. ತೂತ್ ಕಾಸ್ ಇಟ್ಕೊಂಡು ತೂತು ಎಣಿಸ್ತಾ ಕೂರು ಅಂತಾನಲ್ಲ ನಿಮ್ಮಪ್ಪ, ಅವ್ನ್ ಬಾಯಿ ಮುಚ್ಬೇಕು."

ಸರಿ, ಜಾಡಿ ತೊಡೆಯ ಮೇಲಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದೆವು.

"ಅಜ್ಜಿ, ಉಪ್ಪಿನಕಾಯಿ ಚೆಲ್ಲೀಯ!" ಎಂದ ಕಂಡಕ್ಟರು.

"ಚೆಲ್ಲುದ್ರೆ ನಿನ್ ಬಸ್ಸೇ ಕೊಂಡ್ಕೋಬೋದು ಕಣ್ಲಾ!"

ಮಂಡ್ಯದಲ್ಲಿ ಆ ಕಂಪನಿಗೆ ನಾಣ್ಯ ಕಳಿಸಿಕೊಡುವ ಹಳೆ ನಾಣ್ಯದ ವ್ಯಾಪಾರಿಯೊಬ್ಬರು ರಾಣಿಯನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ತೊಳೆದಿದ್ದೀರಾ ಅಮ್ಮ?"

"ಪ್ರತಿ ವರ್ಸ!" ಅತ್ತೆಯ ಎದೆ ಉಬ್ಬಿತು.

ಅವರು ಹಣೆ ಹಿಡಿದುಕೊಂಡರು. "ತೊಳೆದ ನಾಣ್ಯಕ್ಕೆ ದರ್ಜೆ ಸಿಗಲ್ಲ. 'ತೊಳೆದದ್ದು' ಅಂತ ಬರೆದು ಸೀಲ್ ಮಾಡ್ತಾರೆ, ಅಷ್ಟೆ. ರಾಣಿ ಮೂಗೂ ಸವೆದಿದೆ."

"ಅಷ್ಟೊಂದ್ ಮದ್ವೆ ಮಾಡ್ಸವ್ಳೆ, ಮೂಗು ಸವೀದೆ ಇರ್ತದಾ? ಕೊಳೆ ಇದ್ರೆ ಫಸ್ಟ್ ಕ್ಲಾಸು, ತೊಳುದ್ರೆ ಫೇಲಾ? ಯಾವೂರ್ ಇಸ್ಕೂಲಪ್ಪ ಇದು!"

ಕಳಿಸುವುದೋ ಬೇಡವೋ ಯೋಚಿಸಿ ಹೇಳಿ, ಆಮೇಲೆ ನಾಣ್ಯ ಹೊರತೆಗೆಯಲು ಸೀಲು ಒಡೆದರೆ ಸರ್ಟಿಫಿಕೇಟು ಹೋದ ಹಾಗೆ ಎಂದರು ವ್ಯಾಪಾರಿ. ಹಿಂದಿರುಗುವಾಗ ಅತ್ತೆ ಕಿಟಕಿಯಾಚೆಗೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಕಳ್ಸ್ಬುಡಮ್ಮಿ. ಫೇಲಾದ್ರೂ ಆಗ್ಲಿ. ನಾನಿಲ್ದಾಗ ಇದ್ನ ಯಾರೋ ಹುಚ್ಚಿ ಕೂಡಿಟ್ಟ ಕಾಸು ಅಂತ ಯಾರೂ ಬಿಸಾಕ್ಬಾರ್ದು" ಎಂದರು. ಈ ಹೆಂಗಸು ಮೆಲ್ಲಗೆ ಮಾತಾಡಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಎದುರು ಮನೆಯಲ್ಲಿ ಮದುವೆ. ಅತ್ತೆ ಏಳಲಿಲ್ಲ. "ಕಾಲ್ ನೋಯ್ತದೆ. ನೀನೇ ತಕ್ಕೊಂಡೋಗು. ಇದೊಂದ್ ಕಳ್ಸ ಮುಗುದ್ ಮ್ಯಾಲೆ ಡಬ್ಬೀಗ್ ಹಾಕ್ಸು."

ರೂಪಾಯಿ ಹಿಡಿದುಕೊಂಡು ಹೋದೆ. ಮದುಮಗಳ ತಾಯಿ ಅದರ ಕಡೆ ನೋಡಲೇ ಇಲ್ಲ.

"ಅಕ್ಕ ಎಲ್ಲವ್ರೆ?"

"ಕಾಲು ನೋವಂತೆ. ರೂಪಾಯಿ ಕಳಿಸಿದ್ದಾರೆ."

"ರೂಪಾಯಿ ತಕ್ಕೊಂಡು ಏನ್ ಮಾಡಣ? ಬೆಳ್ಳಿ ರೂಪಾಯಿ ನಮ್ಮನೇಲೂ ಅದೆ. ಅಕ್ಕನ ಕೈಲೇ ಬೀಳ್ಬೇಕು. ಅವ್ರು ಬರಗಂಟ ಕಳ್ಸ ಇಡಕಿಲ್ಲ."

ಪುರೋಹಿತರು ಗಡಿಯಾರ ನೋಡಿದರು. ಯಾರೂ ಅಲ್ಲಾಡಲಿಲ್ಲ.

ಓಡಿ ಬಂದು ಒಂದಕ್ಷರ ಬಿಡದೆ ಹೇಳಿದೆ. ಅತ್ತೆ ನನ್ನನ್ನೇ ನೋಡಿದರು. "ರೂಪಾಯಿ ಬೇಕು ಅಂದ್ರಾ, ನಾನ್ ಬೇಕು ಅಂದ್ರಾ?"

"ನೀವು, ಅತ್ತೆ."

ಸೆರಗಿನಿಂದ ಮುಖ ಒರೆಸಿಕೊಂಡು ತಟ್ಟನೆ ಎದ್ದರು.

"ಮತ್ತೆ ಡಬ್ಬಿ?"

"ಡಬ್ಬೀಲ್ ಕೂತ್ಕೊಂಡ್ ರಾಣಿ ಯಾರ್ಗ್ ಮದ್ವೆ ಮಾಡ್ಸಾಳು? ಬುಡು. ನಡಿ, ಮೂರ್ತ ಮೀರ್ತದೆ!"

ಯಾರ ಕೈಯನ್ನೂ ಹಿಡಿದು ನಡೆದವರಲ್ಲ ಅತ್ತೆ. ಅವತ್ತು ಬೀದಿ ದಾಟುವಷ್ಟೂ ಹೊತ್ತು ನನ್ನ ಕೈ ಹಿಡಿದಿದ್ದರು. ಇದು ಮಾತ್ರ ದಿನಚರಿ ತೆಗೆದು ನೋಡಬೇಕಾದ ಸಂಗತಿಯಲ್ಲ.