ಬಾಯಿ ತೆರೆದ ಕ್ಯಾಮೆರಾಕ್ಕೊಂದು ಬೊಟ್ಟು

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅಂಗಳಕ್ಕೆ ನೀರು ಹಾಕಿ, ದೇವರಿಗೆ ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ಮನೆಯೊಳಗೆ ಒಂದು ಸುತ್ತು ಬಂದೆ. ಹೊಸಿಲಿಗೊಂದು ಬೊಟ್ಟು, ತುಳಸಿಗೊಂದು, ಗ್ಯಾಸ್ ಒಲೆಗೊಂದು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಮುಳ್ಳುಚಮಚ ಹಿಡಿಯುವುದನ್ನೂ, ಸೀನಿದರೆ ಕ್ಷಮೆ ಕೇಳುವುದನ್ನೂ ಸಿಸ್ಟರುಗಳು ಚೆನ್ನಾಗಿಯೇ ಕಲಿಸಿದರು. ಹೊಸ ಯಂತ್ರ ಮನೆಗೆ ಬಂದಾಗ ಕುಂಕುಮ ಇಡದೆ ಸುಮ್ಮನಿರುವುದು ಹೇಗೆಂದು ಮಾತ್ರ ಕಲಿಸಲಿಲ್ಲ. ಮಿಕ್ಸಿ, ಸ್ಕೂಟರು, ನೀರಿನ ಮೋಟಾರು ಎಲ್ಲವೂ ನಮ್ಮಲ್ಲಿ ಹಣೆಗೆ ಬೊಟ್ಟಿಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಇಳಿದವು. ಊಟದ ಮೇಜಿನ ಮೇಲೆ ಕಪ್ಪಗೆ ಕೂತಿದ್ದ ಹೊಸ ಅತಿಥಿಯ ಕಡೆಗೂ ಬೆರಳು ತಾನಾಗಿಯೇ ಹೋಯಿತು. ಅದರ ತೆರೆದ ಬಾಯಿಯ ಸುತ್ತ ಬೆಳ್ಳಿ ಬಳೆಯಂಥ ಅಂಚಿತ್ತು. ಬೊಟ್ಟಿಗೆ ಅದಕ್ಕಿಂತ ಲಕ್ಷಣವಾದ ಜಾಗ ಇನ್ನೆಲ್ಲಿ?

ಅತಿಥಿ ಎಂದರೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ. ಹವ್ಯಾಸಿಗಳಿಗೆಂದೇ ಮಾಡಿದ್ದಂತೆ, ಮದುವೆ ಫೋಟೋದವರದಷ್ಟು ದೊಡ್ಡದಲ್ಲ, ಜೇಬಿನಲ್ಲಿ ಇಡುವಷ್ಟು ಚಿಕ್ಕದೂ ಅಲ್ಲ, ಥೇಟ್ ನಮ್ಮ ಹಾಗೆ ಮಧ್ಯಮವರ್ಗದ್ದು. ವಾರವೆಲ್ಲ ಬ್ಯಾಂಕಿನಲ್ಲಿದ್ದು ರಜೆಯಲ್ಲಿ ಛಾಯಾಗ್ರಾಹಕರಾಗುವ ನಮ್ಮವರು ಹಿರಿಯೂರಿನ ಸೈಬರ್ ಸೆಂಟರಿನಲ್ಲಿ ಕೂತು ಅದರ ಬಗ್ಗೆ ಓದದ ವಿಮರ್ಶೆಯಿಲ್ಲ. ಆದರೂ ತೀರ್ಮಾನಕ್ಕೆ ಬರಲಾರರು. ಚಿತ್ರದುರ್ಗದಲ್ಲಿ ಸ್ಟುಡಿಯೋ ಇಟ್ಟಿರುವ ಅವರ ಬಾಲ್ಯದ ಗೆಳೆಯ ತಿಪ್ಪೇಸ್ವಾಮಿ ಕೊನೆಗೆ ಬೇಸತ್ತು, “ಒಂದ್ ದಿನ ಇಟ್ಕಂಡು ನೋಡಲೇ. ಬ್ಯಾಡ ಅನ್ಸಿದ್ರೆ ವಾಪಸ್ ಒಯ್ತೀನಿ” ಎಂದು ಕೊಟ್ಟು ಕಳಿಸಿದ್ದರು. ನಾನು ಬೊಟ್ಟಿಡುವ ಹೊತ್ತಿಗೆ ನಮ್ಮವರು ಲೆನ್ಸ್ ಬದಲಿಸುವುದನ್ನು ಅರ್ಧಕ್ಕೆ ಬಿಟ್ಟು, ಅದು ಕೂರುವ ಬಾಯಿಯನ್ನು ಹಾಗೇ ತೆರೆದಿಟ್ಟು, ತುಂಬಿ ಸುರಿಯುತ್ತಿದ್ದ ಟ್ಯಾಂಕಿನ ಮೋಟಾರು ಆರಿಸಲು ಓಡಿದ್ದರು. ಬಂದವರೇ ಕನ್ನಡಕವಿಲ್ಲದೆ ತಡವಿ ಲೆನ್ಸ್ ಕೂರಿಸಿಕೊಂಡು ಮಾರಿಕಣಿವೆ ಅಣೆಕಟ್ಟಿಗೆ ಹೊರಟರು.

ಮಧ್ಯಾಹ್ನ ಮರಳಿದವರು ನೇರವಾಗಿ ಕಂಪ್ಯೂಟರಿನ ಮುಂದೆ ಕೂತರು. ಅಣೆಕಟ್ಟಿನ ಕಲ್ಲುಕಲ್ಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಆದರೆ ಮೇಲಿನ ತಿಳಿ ಆಕಾಶದಲ್ಲಿ ಮಬ್ಬು ಮಚ್ಚೆಗಳು. ಯಾವ ಚಿತ್ರ ತೆಗೆದರೂ ಅದೇ ಜಾಗದಲ್ಲಿ ಅವೇ ಮಚ್ಚೆಗಳು.

“ಒಳಗೆ ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಏನೋ ಕೂತಿದೆ. ನಾನು ಬಾಯಿ ತೆರೆದಿಟ್ಟಿದ್ದು ಮೋಟಾರ್ ಆರಿಸಿ ಬರೋ ಅಷ್ಟು ಹೊತ್ತು. ಅಷ್ಟರಲ್ಲಿ ಏನು ಹೋಗೋಕೆ ಸಾಧ್ಯ?”

ಏನು ಹೋಗಿರಬಹುದೆಂದು ನನಗೆ ಆ ಕ್ಷಣವೇ ಹೊಳೆಯಿತು. ಹುಳಿಗೆ ಹೆಚ್ಚುತ್ತಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು.

“ರೀ...” ಎಂದೆ.

“ನೀನು ಸುಮ್ಮನಿರು. ಯಾರೋ ಬಳಸಿ ಬಿಟ್ಟ ಮಾಲು ನನಗೆ ದಾಟಿಸೋಕೆ ನೋಡ್ತಿದಾನೆ ತಿಪ್ಪ. ಒಂದೇ ಬೆಂಚಲ್ಲಿ ಕೂತು ಓದಿದವನು!” ಎಂದು ಫೋನೆತ್ತಿ, “ಬಾ, ನಿನ್ನ ಕ್ಯಾಮೆರಾ ತಗೊಂಡು ಹೋಗು” ಎಂದಷ್ಟೇ ಹೇಳಿ ಕುಕ್ಕಿದರು. ಆಮೇಲೆ ಅವರು ಊಟ ಮಾಡಿದ ರೀತಿ ನೋಡಿ ಮತ್ತೆ ಬಾಯಿ ತೆರೆಯುವ ಧೈರ್ಯ ನನಗೆ ಬರಲಿಲ್ಲ. ಹುಳಿಗೆ ಉಪ್ಪು ಹಾಕಿರಲಿಲ್ಲ. ಅದೂ ಅವರಿಗೆ ಗೊತ್ತಾಗಲಿಲ್ಲ.

ಸಂಜೆ ತಿಪ್ಪೇಸ್ವಾಮಿ ಬೈಕಿನ ಧೂಳು ಕೊಡವಿಕೊಳ್ಳುತ್ತ ನಗುನಗುತ್ತಲೇ ಬಂದರು. ಕಾಫಿ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ನಮ್ಮವರು, “ನೀನು ನನಗೆ ಹೀಗೆ ಮಾಡಬಾರದಿತ್ತು ತಿಪ್ಪಾ” ಎಂದರು. ಮಚ್ಚೆಗಳ ಕಡೆ ಬೆರಳು ತೋರಿಸಿದರು.

ಚಾಚಿದ ಕೈ ನಿಧಾನವಾಗಿ ಹಿಂದಕ್ಕೆ ಹೋಯಿತು. “ಹೊಸ ಡಬ್ಬಿ ಒಡೆದಿದ್ದೇ ನಿನಗೋಸ್ಕರ ಕಣಲೇ. ನನ್ ಮ್ಯಾಲೆ ಇಷ್ಟೇ ಏನು ನಿನ್ ನಂಬಿಕೆ?” ಎಂದು ಎದ್ದು ನಿಂತರು. ಆ ಮುಖ ನೋಡಲಾಗಲಿಲ್ಲ. ಆ ಕಾಫಿ ಕುಡಿಯದೆ ಹೋದರೆ ಅವರು ನಮ್ಮ ಮನೆಯಲ್ಲಿ ಇನ್ನೆಂದೂ ಕಾಫಿ ಕುಡಿಯುವುದಿಲ್ಲ.

“ಅದು ಕುಂಕುಮ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. “ಬೆಳಿಗ್ಗೆ ನಾನೇ ಇಟ್ಟೆ. ಬಾಯಿಯ ಅಂಚಿಗೆ.”

ತಿಪ್ಪೇಸ್ವಾಮಿ ಲೆನ್ಸ್ ಬಿಚ್ಚಿದರು. ಬೆಳ್ಳಿಯ ಅಂಚು ಮಗು ಉಜ್ಜಿಕೊಂಡ ಮೂಗಿನ ಹಾಗೆ ಕೆಂಪಾಗಿತ್ತು. ಅವರು ಅಂಚು ಒರೆಸಿ, ಚೀಲದಿಂದ ಗಾಳಿ ಊದುವ ರಬ್ಬರಿನ ಬುರುಡೆ ತೆಗೆದು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಒಳಕ್ಕೆ ಪುಸ್ ಪುಸ್ ಎಂದು ಊದಿದರು. ಲೆನ್ಸ್ ಕೂರಿಸಿ, ಹೊರಗೆ ಹೋಗಿ ಆಕಾಶದ ಒಂದು ಚಿತ್ರ ತೆಗೆದು ತಂದು ಕಂಪ್ಯೂಟರಿಗೆ ಹಾಕಿದರು. ಮಚ್ಚೆ ಮಾಯ. ಆಮೇಲೆ ಅವರು ನಕ್ಕ ನಗೆಗೆ ಕಿಟಕಿಯ ಗಾಜು ಅದುರಿತು.

ನಮ್ಮವರು ತಲೆ ಕೆರೆದುಕೊಂಡು ಕಾಫಿ ಲೋಟವನ್ನು ಗೆಳೆಯನ ಕೈಗಿಟ್ಟರು. ಕ್ಷಮೆ ಅಷ್ಟಕ್ಕೇ ಮುಗಿಯಿತು. ಆದರೆ ವಿಮರ್ಶಕ ಸುಮ್ಮನಿರುತ್ತಾನೆಯೇ? “ಅಲ್ಲ ತಿಪ್ಪಾ, ಕತ್ತಲಲ್ಲಿ ಚಿತ್ರ ಸ್ವಲ್ಪ ಮರಳು ಮರಳಾಗಿ ಬರ್ತದಂತೆ. ಇನ್ನೊಂದು ಮಾಡೆಲ್ ಕೂಡ ನೋಡಿ...”

“ಏನ್ ನೋಡ್ತೀಯಲೇ? ಮನೆ ಹೆಣ್ಮಗಳು ಕುಂಕುಮ ಇಟ್ಟದ್ದನ್ನ ವಾಪಸ್ ಒಯ್ಯಾಕೆ ನನಗೇನ್ ತಲೆ ಕೆಟ್ಟೈತಾ? ನಮ್ಮವ್ವ ಮನಿ ಒಳಗೆ ಸೇರ್ಸಲ್ಲ. ಅದು ಇನ್ನ ನಿಮ್ದೇ, ಮುಗೀತು!” ಎಂದು ಬೈಕ್ ಹತ್ತಿಯೇಬಿಟ್ಟರು.

ಸೈಬರ್ ಸೆಂಟರಿನ ಅಷ್ಟೂ ವಿಮರ್ಶೆಗಳಿಂದ ಆಗದ ತೀರ್ಮಾನವನ್ನು ನನ್ನ ಉಂಗುರ ಬೆರಳು ಮಾಡಿ ಮುಗಿಸಿತ್ತು. ನಾಚಿಕೆಯೋ ಹೆಮ್ಮೆಯೋ ತಿಳಿಯದೆ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದೆ. ಗೋಡೆಯಾಚೆ ಪಕ್ಕದ ಮನೆಯ ಗಿರಿಜಕ್ಕ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ನಮ್ಮನೆಯ ಮಾತು ಅವರಿಗೆ ಕೇಳಿಸದೆ ಹೋದದ್ದೇ ಇಲ್ಲ. ಕತ್ತೆತ್ತದೆಯೇ ಹೇಳಿದರು:

“ನಮ್ಮನೆಯವ್ರು ಫ್ರಿಜ್ ನೋಡ್ತೀನಿ, ನೋಡ್ತೀನಿ ಅಂತ ಎಲ್ಡ್ ವರ್ಷ ಆತ್ರೀ. ಈ ಸಲ ಅಂಗಡಿಗೆ ಹೋಗ್ವಾಗ ಕರೀತೀನಿ, ನೀವೂ ಒಂದೀಟು ಕುಂಕುಮ ತಗಂಡು ಜತಿಗೆ ಬರ್ರಿ.”