ಉಳುಕಿದ ಸೊಂಟಕ್ಕೆ ಸಾಕ್ಷಿ ಯಾರು?

ವಕೀಲರ ಗುಮಾಸ್ತನಾಗಿ ದುಡಿದವನಿಗೆ ನಗುವ ಸಂಗತಿಗಳಿಗೆ ಯಾವತ್ತೂ ಬರವಿರುವುದಿಲ್ಲ. ಅದರಲ್ಲೂ ಮೋಟಾರು ಅಪಘಾತದಲ್ಲಿ ಸೊಂಟ ಉಳುಕಿಸಿಕೊಂಡವರ ಕೇಸು ಬಂತೆಂದರೆ ಮುಗಿದೇ ಹೋಯಿತು. ಕೈ ಮುರಿದವನು ಕೈ ತೋರಿಸುತ್ತಾನೆ. ಸೊಂಟ ಹಿಡಿದುಕೊಂಡವನು ಏನನ್ನು ತೋರಿಸಬೇಕು?

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಗೆ ತತ್ವಾರ. ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನಿಂದ ಓಡುತ್ತಿದ್ದವು. ಅಂಥದೊಂದು ಬಸ್ಸು ದೇವನಹಳ್ಳಿ ಸಂತೆಗೆ ಜನ ತುಂಬಿಕೊಂಡು ಬರುತ್ತಿತ್ತು. ನಲ್ಲೂರಿನ ಹುಣಸೆ ತೋಪಿನ ಹತ್ತಿರ ಡ್ರೈವರು ಒಲೆ ಆರಿತೋ ಏನೋ ಎಂದು ಹಿಂದಕ್ಕೆ ತಿರುಗಿ ನೋಡಿದ. ಬಸ್ಸು ಎಡಕ್ಕೆ ವಾಲಿ ಹಳ್ಳಕ್ಕೆ ಬಿತ್ತು. ದೇವರ ದಯೆ, ಯಾರ ಮೂಳೆಯೂ ಮುರಿಯಲಿಲ್ಲ. ಆದರೆ ಬೆನ್ನು, ಕತ್ತು, ಸೊಂಟ ಉಳುಕಿದವರು ಒಬ್ಬರ ಹಿಂದೊಬ್ಬರು ದೊಡ್ಡಬಳ್ಳಾಪುರಕ್ಕೆ, ನಮ್ಮ ವಕೀಲರ ಮನೆ ಜಗಲಿಗೆ ಬಂದು ಕೂತರು. ಕೂರಲಾಗದವರು ನಿಂತರು.

ಅವರಲ್ಲಿ ಬೂದಿಗೆರೆಯ ಒಬ್ಬ ಹೆಂಗಸು ಇದ್ದಳು. ಚಕ್ಕೋತದ ಬುಟ್ಟಿ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿ, ಅದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು. ನಾವು ಚಕ್ಕೋತದಮ್ಮ ಎಂದೇ ಕರೆಯುತ್ತಿದ್ದೆವು. ಈಗ ಬುಟ್ಟಿ ಹೊತ್ತರೆ ನಾಲ್ಕು ಹೆಜ್ಜೆಗೆ ಕುಸಿದು ಕೂರುತ್ತಿದ್ದಳು. ಪರಿಹಾರ ಸಿಕ್ಕರೆ ಸಂತೆಬೀದಿಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಇಟ್ಟು ಕೂತು ಮಾರಬಹುದು. ಸಿಗದಿದ್ದರೆ ಮನೆಯ ಒಲೆ ಹತ್ತುವುದಿಲ್ಲ. ಬಸ್ ಕಂಪನಿಯ ವಕೀಲರು ಬೆಂಗಳೂರಿನವರು. ಅವರದು ಒಂದೇ ಪಲ್ಲವಿ: "ಗಾಯ ಎಲ್ಲಿದೆ? ರಕ್ತ ಎಲ್ಲಿದೆ? ಇದೆಲ್ಲ ನಾಟಕ." ಒಬ್ಬರದು ನಾಟಕವೆಂದು ತೋರಿಸಿದರೆ ಎಲ್ಲರ ಕೇಸೂ ಬಿದ್ದುಹೋಗುತ್ತದೆ ಎಂದು ಅವರು ಕಾಯುತ್ತಿದ್ದರು. ನಮ್ಮ ವಕೀಲರ ಹೆದರಿಕೆಯೂ ಅದೇ.

ಬಸ್ಸು ಹತ್ತದ ಪ್ರಯಾಣಿಕ

ಮೊದಲು ಬಂದವನು ನಲ್ಲೂರಿನ ಒಬ್ಬ ಗಟ್ಟಿ ಆಸಾಮಿ. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ನಾನು ಕಾಗದ ತೆಗೆದು ಕೇಳಿದೆ, "ಬಸ್ಸಲ್ಲಿ ಎಲ್ಲಿ ಕೂತಿದ್ದೆಯಪ್ಪಾ?"

"ಎಲ್ಲೂ ಕೂತಿರ್ಲಿಲ್ಲ."

"ನಿಂತಿದ್ದೆಯಾ?"

"ನಿಂತೂ ಇರ್ಲಿಲ್ಲ ಸ್ವಾಮಿ. ನಾನು ಬಸ್ಸೇ ಹತ್ತಿರ್ಲಿಲ್ಲ. ಹಳ್ಳದಿಂದ ಅದನ್ನ ಮೇಲಕ್ಕೆತ್ತಿದೋನು ನಾನು!"

ನನಗೆ ನಗು ತಡೆಯಲಾಗಲಿಲ್ಲ. ಹತ್ತದ ಬಸ್ಸಿನಿಂದ ಪರಿಹಾರ ಕೇಳಿದರೆ ಬೆಂಗಳೂರಿನ ವಕೀಲರು ನಮ್ಮನ್ನು ಸುಮ್ಮನೆ ಬಿಟ್ಟಾರೆಯೇ? ಒಳಗಿದ್ದವರಿಗೇ ಇನ್ನೂ ಏನೂ ಸಿಕ್ಕಿಲ್ಲ ಎಂದು ಬುದ್ಧಿ ಹೇಳಿದೆ. ಅವನು ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಹೇಳಿದ, "ಒಳಗಿದ್ದೋರಿಗೆ ಬಸ್ಸು ಬಿದ್ದಿದ್ದು ಒಂದೇ ಸಲ ಸ್ವಾಮಿ. ನಾವು ಎತ್ತೋವಾಗ ಮೂರು ಸಲ ಬಿತ್ತು."

ಮೇಷ್ಟ್ರ ಕತ್ತು

ನೋವು ನಿಜವೋ ನಾಟಕವೋ ನೋಡಲು ಕಂಪನಿಯವರು ಒಬ್ಬ ಡಾಕ್ಟರನ್ನು ಕಳಿಸಿದರು. ಬಹಳ ಚುರುಕಿನ ಮನುಷ್ಯ. ಮೊದಲು ಅವರ ಕೈಗೆ ಸಿಕ್ಕವರು ಆ ಬಸ್ಸಿನಲ್ಲಿದ್ದ ಒಬ್ಬ ಸ್ಕೂಲು ಮೇಷ್ಟ್ರು. ಅಪಘಾತದಲ್ಲಿ ಕತ್ತು ಉಳುಕಿ, ಬಲಕ್ಕೂ ಹೊರಳದೆ ಎಡಕ್ಕೂ ಹೊರಳದೆ ನೆಟ್ಟಗೆ ನಿಂತುಬಿಟ್ಟಿತ್ತು. ಯಾರಾದರೂ ಕರೆದರೆ ಕಾಲುಸಮೇತ ಇಡೀ ಮೇಷ್ಟ್ರೇ ತಿರುಗಬೇಕಾಗಿತ್ತು.

ಡಾಕ್ಟರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಒಂದು ಉಪಾಯ ಹೂಡಿದರು. ಗೋಡೆಗೆ ಒರಗಿಸಿದ್ದ ಮೇಷ್ಟ್ರ ಕೊಡೆಯನ್ನು ಸದ್ದಿಲ್ಲದೆ ಎತ್ತಿಕೊಂಡು ತುದಿಗಾಲಲ್ಲಿ ಬಾಗಿಲ ಕಡೆ ನಡೆದರು. ಹೊಸ ಕೊಡೆ. ಎಂಥವನಾದರೂ ತಿರುಗಿ ನೋಡಲೇಬೇಕು.

ಮೇಷ್ಟ್ರ ಕತ್ತು ಅಲ್ಲಾಡಲಿಲ್ಲ. ಎದುರಿನ ಗೋಡೆ ನೋಡುತ್ತಲೇ, "ಕೊಡೆ ಅಲ್ಲೇ ಇಡಿ ಡಾಕ್ಟರೇ" ಎಂದರು.

ಡಾಕ್ಟರು ದಂಗಾದರು. "ನೋಡದೆ ಹ್ಯಾಗೆ ಗೊತ್ತಾಯ್ತು?"

"ಇಪ್ಪತ್ತು ವರ್ಷದಿಂದ ಬೋರ್ಡಿನ ಕಡೆ ಮುಖ ಮಾಡಿ ಲೆಕ್ಕ ಹಾಕ್ತಿದೀನಿ. ಬೆನ್ನ ಹಿಂದೆ ಯಾರೇನು ಮಾಡ್ತಾರೆ ಅಂತ ತಿಳ್ಕೊಳ್ಳೋಕೆ ನನಗೆ ಕತ್ತು ಬೇಕಾಗಿಲ್ಲ."

ಗೌಡರ ಎರಡು ನೋವು

ಬಾಶೆಟ್ಟಿಹಳ್ಳಿಯ ಒಬ್ಬ ಗೌಡರು ನೆಂಟರ ಮನೆಯಿಂದ ಬರುವಾಗ ಅದೇ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದರು. ಅರ್ಜಿ ಹಾಕಿದ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಬಂದು, "ನೋವು ಹೋಯ್ತು, ಅರ್ಜಿ ವಾಪಸ್ ತಗೊಂಬಿಡಿ" ಎಂದರು. ನಮ್ಮ ವಕೀಲರು ತಲೆ ಮೇಲೆ ಕೈ ಹೊತ್ತರು. ಇಂಥ ಕಕ್ಷಿದಾರರನ್ನು ಅವರು ಕಂಡೇ ಇರಲಿಲ್ಲ. ನಾನೂ ಕಂಡಿರಲಿಲ್ಲ. ಈಗಲೂ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅರ್ಜಿ ವಾಪಸಾಗುವ ದಿನ ಅವರು ಕೋರ್ಟಿಗೆ ಬಂದದ್ದು ಮಾತ್ರ ಸೊಂಟ ಬಗ್ಗಿಸಿಕೊಂಡು, ಕುಂಟುತ್ತಾ. ನಮ್ಮ ವಕೀಲರ ಮುಖ ಅರಳಿತು. "ಗೌಡ್ರೇ, ನೋವು ಮತ್ತೆ ಬಂತಲ್ಲ! ಅರ್ಜಿ ಇರಲಿ ಬಿಡಿ."

"ಇಲ್ಲ ಸ್ವಾಮಿ, ಇದು ಆ ನೋವಲ್ಲ, ಬ್ಯಾರೆ."

ಮುನ್ಸೀಫರಿಗೂ ಕುತೂಹಲ. "ಹ್ಯಾಗೆ ಹೇಳ್ತೀರಿ ಗೌಡರೇ?"

"ಬಸ್ಸು ಬಿದ್ದಿದ್ದು ಎಡಕ್ಕೆ ಬುದ್ಧಿ. ಆ ನೋವು ಎಡಗಡೆ ಇತ್ತು, ಹೋಯ್ತು. ಇದು ಮೊನ್ನೆ ಉಳೋವಾಗ ಬಲಗಡೆ ಎತ್ತು ಎಳೆದಿದ್ದು. ಆ ಎತ್ತು ಕಂಪನೀದಲ್ಲ, ನಂದೇ."

ಕೋರ್ಟಿನಲ್ಲಿ ಚಕ್ಕೋತ

ಗೌಡರ ಸತ್ಯವನ್ನೇ ಬೆಂಗಳೂರಿನ ವಕೀಲರು ಚಕ್ಕೋತದಮ್ಮನ ವಿರುದ್ಧ ತಿರುಗಿಸಿದರು. "ಗೌಡರ ನೋವು ಹೋಗಿದೆ. ಈಕೆಯದೂ ಹೋಗಿರಲೇಬೇಕು. ಪರೀಕ್ಷೆ ಮಾಡೋಣ" ಎಂದು ಸಂತೆಯಿಂದ ಒಂದು ಬುಟ್ಟಿ ಚಕ್ಕೋತವನ್ನೇ ತರಿಸಿ ಕಟಕಟೆ ಮುಂದೆ ಇಡಿಸಿದರು. ಮುನ್ಸೀಫರು ಒಪ್ಪಿಬಿಟ್ಟರು. ಬುಟ್ಟಿ ಹೊತ್ತು ನಾಲ್ಕು ಹೆಜ್ಜೆ ನಡೆದರೂ ಕೇಸು ಹೋಯಿತು, ಕುಸಿದುಬಿದ್ದರೆ ನಾಟಕ ಅನ್ನುತ್ತಾರೆ. ನಮ್ಮ ವಕೀಲರು ಕಾನೂನು ಪುಸ್ತಕ ತಿರುವತೊಡಗಿದರು.

ಚಕ್ಕೋತದಮ್ಮ ಮಾತ್ರ ಸೆರಗು ಸುತ್ತಿ ಸಿಂಬಿ ಮಾಡಿ ತಲೆ ಮೇಲಿಟ್ಟುಕೊಂಡಳು. "ಹೊರೆ ಹೊರೋದು ನಾನು. ಎತ್ತಿ ತಲೆ ಮೇಲಿಡೋಕೆ ಯಾವಾಗ್ಲೂ ಇಬ್ರು ಬೇಕು. ಒಂದು ಕಡೆ ಜವಾನ ಹಿಡೀಲಿ. ಇನ್ನೊಂದು ಕಡೆ ಬುಟ್ಟಿ ತರಿಸಿದ ನೀವೇ ಹಿಡೀರಿ ಸ್ವಾಮಿ."

ಹಿಡಿಯದೆ ಬೇರೆ ದಾರಿಯಿರಲಿಲ್ಲ. ಕರೀಕೋಟಿನ ಬೆಂಗಳೂರು ವಕೀಲರು ಬಗ್ಗಿ, ಬುಟ್ಟಿಯನ್ನು ಮೊಣಕಾಲಿನವರೆಗೆ ಎತ್ತಿದರು. ಅಷ್ಟೇ. "ಅಯ್ಯಯ್ಯೋ!" ಎಂಬ ಕೂಗು. ಬುಟ್ಟಿ ಜಾರಿತು, ಚಕ್ಕೋತಗಳು ಮುನ್ಸೀಫರ ಮೇಜಿನ ಕೆಳಗೆಲ್ಲ ಉರುಳಿದವು. ವಕೀಲರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಮೇಲೇಳಲೂ ಆಗದು, ಕೂರಲೂ ಆಗದು.

ಮುನ್ಸೀಫರು ಕನ್ನಡಕ ಸರಿಮಾಡಿಕೊಂಡು ಇಣುಕಿದರು. "ಏನಾಯ್ತು ವಕೀಲರೇ? ಗಾಯ ಎಲ್ಲಿದೆ? ರಕ್ತವೂ ಕಾಣುತ್ತಿಲ್ಲವಲ್ಲ."

"ಮಹಾಸ್ವಾಮಿ... ನೋವು... ಒಳಗಡೆ..."

ಕೋರ್ಟಿಗೆ ಕೋರ್ಟೇ ನಕ್ಕಿತು. ನಗದಿದ್ದವಳು ಚಕ್ಕೋತದಮ್ಮ ಒಬ್ಬಳೇ. ಆ ನೋವು ಎಂಥದೆಂದು ಆಕೆಗೆ ಗೊತ್ತಿತ್ತಲ್ಲ. "ಪಾಪ, ಹಿಡ್ಕೊಂಬಿಟ್ಟೈತೆ. ನಾನು ಕಾಲು ಮುಂದಾಗಿ ಹುಟ್ಟಿದೋಳು ಸ್ವಾಮಿ. ಒಂದ್ಸಲ ಒದ್ರೆ ಬುಟ್ಟೋಯ್ತದೆ. ಒದೀಲಾ?"

ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು ಮೆಲ್ಲಗೆ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದನ್ನು ನಂಬದವರು ನಮ್ಮ ಸೀಮೆಯಲ್ಲಿಲ್ಲ. ಬೆಂಗಳೂರಿನ ವಕೀಲರು ಆ ಹೊತ್ತಿಗೆ ಏನನ್ನು ಬೇಕಾದರೂ ನಂಬುವ ಸ್ಥಿತಿಯಲ್ಲಿದ್ದರು. "ಏನಾದ್ರೂ ಮಾಡಮ್ಮಾ" ಎಂದು ನರಳಿದರು. ಜವಾನ ಅವರನ್ನು ನೆಲದ ಮೇಲೆ ಬೋರಲು ಮಲಗಿಸಿದ. ಮುನ್ಸೀಫರು ಗೋಡೆ ಗಡಿಯಾರದ ಕಡೆ ತಿರುಗಿ ಕೂತರು. ಚಕ್ಕೋತದಮ್ಮ ಕಟಕಟೆ ಹಿಡಿದುಕೊಂಡು, ಕಷ್ಟಪಟ್ಟು ಪಾದ ಎತ್ತಿ, ಕರೀಕೋಟಿನ ಮೇಲೆ ಹಗುರವಾಗಿ ಒಂದು ಸಲ ಒದ್ದಳು.

ಏನಾಯಿತೋ ದೇವರೇ ಬಲ್ಲ. ವಕೀಲರು ನಿಧಾನವಾಗಿ ಎದ್ದು ಕೂತರು, ಕೈಚಾಚಿ ನೋಡಿದರು, ನಿಂತೇಬಿಟ್ಟರು. ಅವರ ದೊಡ್ಡತನದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಟಿನ ಧೂಳು ಕೊಡವುವ ಮೊದಲೇ, "ಮಹಾಸ್ವಾಮಿ, ಈಕೆಯ ನೋವು ನಿಜ. ಕೇಳಿದ ಪರಿಹಾರ ಪೂರ್ತಿ ಕೊಡಿಸ್ತೀನಿ" ಎಂದು ರಾಜಿ ಕಾಗದ ಬರೆಸಿದರು. ನಮ್ಮ ವಕೀಲರ ಕಣ್ಣು ತುಂಬಿ ಬಂತು.

ಚಕ್ಕೋತದಮ್ಮ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಅಷ್ಟರಲ್ಲಿ ಬೆಂಗಳೂರಿನ ವಕೀಲರಿಗೆ ಮತ್ತೆ ಬುದ್ಧಿ ಚುರುಕಾಯಿತು. "ಅಲ್ಲಮ್ಮಾ, ಒಂದೇ ಒದೆಗೆ ನನ್ನ ಸೊಂಟ ಸರಿಮಾಡಿದೆ. ನಿನ್ನ ಸೊಂಟ ನೀನೇ ಯಾಕೆ ಸರಿಮಾಡ್ಕೊಳ್ಲಿಲ್ಲ?"

ಚಕ್ಕೋತದಮ್ಮ ಅವರನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು.

"ನನ್ನ ಸೊಂಟಕ್ಕೆ ನನ್ನ ಕಾಲು ಎಟುಕಾಕಿಲ್ಲ ಸ್ವಾಮಿ. ಎಟುಕಿದ್ರೆ ಕೋರ್ಟಿಗೆ ಯಾಕೆ ಬರ್ತಿದ್ದೆ?"