ನೋಡುವ ಅಧಿಕಾರ

ಪಿಸ್ತಾ ಹಲ್ವಾ ಕಾಣೆಯಾದದ್ದೇ ಎಲ್ಲಕ್ಕೂ ಮೂಲ. ಗೋದಾಮಿನಲ್ಲಿ ಅದರ ಡಬ್ಬಗಳು ಸೂರು ಮುಟ್ಟುವಂತೆ ಪೇರಿಸಿದ್ದವು, ಕಂಪ್ಯೂಟರಿನಲ್ಲಿ ಮಾತ್ರ ಹೆಸರೇ ಅಳಿಸಿಹೋಗಿತ್ತು. ವೋಲೋಸ್ ಊರಿನ ಅಂಗಡಿಗಳಿಗೆಲ್ಲ ‘ಪಿಸ್ತಾ ಹಲ್ವಾ ಇಲ್ಲ’ ಎಂಬ ಉತ್ತರ ಹೋಯಿತು. ಅಳಿಸಿದವರು ಯಾರೆಂದು ಹುಡುಕಿದರೆ ‘ಫ್ರೋಸೋ’ ಎಂದು ತೋರಿಸಿತು. ಫ್ರೋಸೋ ಎಂದರೆ ಮಾಲೀಕಳಾದ ಎವ್ದೋಕಿಯಾ ಅಮ್ಮನ ಬೆಕ್ಕು. ಹಲ್ವಾ ಕಾರ್ಖಾನೆಯವರೆಲ್ಲ ಆ ಬೆಕ್ಕಿನ ಹೆಸರಿನಲ್ಲೇ ಕಂಪ್ಯೂಟರಿನೊಳಗೆ ಹೋಗಿಬರುತ್ತಿದ್ದರು.

“ಇನ್ನು ಈ ಆಟ ಸಾಕು” ಎಂದರು ಎವ್ದೋಕಿಯಾ ಅಮ್ಮ. “ಪಂದೆಲಿ, ಯಾರು ಏನು ಮಾಡಬಹುದು, ಏನು ಮಾಡಬಾರದು ಅಂತ ಇವತ್ತೇ ವಿಂಗಡಿಸಿಬಿಡು. ನಾಳೆಯಿಂದ ಆಗಸ್ಟ್ ರಜೆ. ಆಮೇಲೆ ಯಾರೂ ಕೈಗೆ ಸಿಗಲ್ಲ.”

ಲೆಕ್ಕಪತ್ರದ ಪಂದೆಲಿಸ್ ತಲೆಯಾಡಿಸಿದ. ಅವನ ಮೇಜಿನ ಕೆಳಗೆ ಒಂದು ಬಟ್ಟೆಚೀಲವಿತ್ತು. ಅದರಲ್ಲಿ ಬಿಳಿ ರಿಬ್ಬನ್ ಕಟ್ಟಿದ ಉದ್ದನೆಯ ಮೇಣದಬತ್ತಿ, ಒಂದು ಸೀಸೆ ಎಣ್ಣೆ, ಅಂಗೈಯಗಲದ ಬಿಳಿ ಉಡುಪು. ಸ್ಕೋಪೆಲೋಸ್ ದ್ವೀಪದಲ್ಲಿ ಮರುದಿನ ಅವನ ತಂಗಿಯ ಮಗುವಿಗೆ ದೀಕ್ಷಾಸ್ನಾನ. ಧರ್ಮಪಿತನಾಗಿ ಮಗುವನ್ನು ಎತ್ತಿಕೊಳ್ಳಬೇಕಾದವನು ಇವನೇ. ಮದುವೆ, ಮಕ್ಕಳು ಏನೂ ಇಲ್ಲದ ಪಂದೆಲಿಸನನ್ನು ಇಂಥದ್ದಕ್ಕೆ ಕರೆದದ್ದು ಇದೇ ಮೊದಲು. ಸಂಜೆಯ ಹಡಗು ತಪ್ಪಿದರೆ ಮಗುವನ್ನು ಇನ್ಯಾರೋ ಎತ್ತಿಕೊಳ್ಳುತ್ತಾರೆ.

ಅವನು ಕೆಲಸಕ್ಕೆ ಕೂತ ರೀತಿ ನೋಡುವಂತಿತ್ತು. ಒಣಗಿದ ಬಟ್ಟೆ ತಂದು ಇದು ದೊಡ್ಡವನದ್ದು, ಇದು ಚಿಕ್ಕವಳದ್ದು ಎಂದು ಮಡಿಸಿ ಅವರವರ ಕಪಾಟಿಗೆ ಇಡುವ ತಾಯಿಯ ಹಾಗೆ, ಒಬ್ಬೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟನ್ನೇ ಅಳೆದು ಕೊಟ್ಟ. ಗೋದಾಮಿನವನಿಗೆ ಸರಕು ಎಣಿಸಿ ಬರೆಯುವ ಅಧಿಕಾರ. ಮಾರಾಟದವಳಿಗೆ ಬೆಲೆ ಬದಲಿಸುವ ಅಧಿಕಾರ. ಕಾವಲುಗಾರನಿಗೆ ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ನೋಡುವ ಅಧಿಕಾರ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ.

ಮೊದಲು ಬಂದವನು ಗೋದಾಮಿನ ಥ್ರಾಸೋಸ್. ಬಾಗಿಲು ತುಂಬುವಂಥ ಆಳು.

“ಏನಯ್ಯಾ, ಬೆಲೆ ಬದಲಿಸೋದು ಅಸಿಮೀನಾಗೆ ಮಾತ್ರ ಅಂತೆ?”

“ನೀನ್ಯಾಕೆ ಬೆಲೆ ಬದಲಿಸ್ತೀಯ ಥ್ರಾಸೋಸ್? ನಿನ್ನ ಕೆಲಸ ಅದಲ್ವಲ್ಲ.”

“ಬದಲಿಸಲ್ಲ ಕಣಯ್ಯಾ. ಬದಲಿಸಬಹುದಿತ್ತು, ಆದ್ರೂ ಬದಲಿಸಲಿಲ್ಲ ಅನ್ನೋದ್ರಲ್ಲಿ ಒಂದು ಮರ್ಯಾದೆ ಇದೆ. ಮನೇಲಿ ಹೆಂಡತಿಗೆ ಏನಂತ ಹೇಳ್ಲಿ, ಮೂಟೆ ಎಣಿಸ್ತೀನಿ ಅಂತಲಾ?”

ಅವನು ಇನ್ನೂ ನಿಂತಿರುವಾಗಲೇ ಮಾರಾಟದ ಅಸಿಮೀನಾ ಬಿಸಿಬಿಸಿ ಚೀಸ್ ಕಡುಬಿನ ತಟ್ಟೆ ಹಿಡಿದು ಬಂದಳು. “ತಿನ್ನು ಪಂದೆಲಿ, ಸೊರಗಿಹೋಗಿದ್ದೀಯ. ಗೋದಾಮಿನ ಲೆಕ್ಕ ನನಗೂ ಕಾಣೋ ಹಾಗೆ ಮಾಡು. ಇವನು ಹೇಳೋದನ್ನೆಲ್ಲ ನಂಬಿ ಸಾಕಾಗಿದೆ.”

“ಕಂಡ್ಯಾ, ಕಡುಬಿನ ಲಂಚ” ಎಂದ ಥ್ರಾಸೋಸ್, ಒಂದನ್ನು ಬಾಯಿಗಿಟ್ಟುಕೊಳ್ಳುತ್ತ.

ಕಾವಲುಗಾರ ಅರ್ಗೀರಿಸ್ ಕಿಟಕಿಯಲ್ಲಿ ತಲೆ ತೂರಿಸಿದ. “ನಂಗೇನೂ ಬೇಡ ಸ್ವಾಮಿ. ಆಗಸ್ಟ್‌ನಲ್ಲಿ ಒಬ್ಬರು ಕಾರ್ಖಾನೆ ಕಾಯಲೇಬೇಕು, ಅದು ಪ್ರತಿ ವರ್ಷ ನಾನೇ. ಸ್ಕೋಪೆಲೋಸ್‌ನಲ್ಲಿ ನಮ್ಮಮ್ಮ ದಾರಿ ನೋಡ್ತಾ ಇರ್ತಾಳೆ. ಇರ್ಲಿ ಬಿಡಿ. ನೋಡೋದೊಂದೇ ಅಂದ್ರೆ ಮಾತ್ರ ಸ್ವಲ್ಪ ಬೇಜಾರು.”

ಮಧ್ಯಾಹ್ನದ ಹೊತ್ತಿಗೆ ಪಂದೆಲಿಸನ ಮೇಜಿನ ಸುತ್ತ ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದ್ದರು. ಬೇರೆಯವನಾಗಿದ್ದರೆ ಕಿರುಚುತ್ತಿದ್ದ. ಪಂದೆಲಿಸ್ ಕಡುಬು ತಿಂದ, ಕೈ ಒರೆಸಿಕೊಂಡ, ಆಲೋಚಿಸಿದ. ಇವರಿಗೆ ಬೇಕಿರುವುದು ಅಧಿಕಾರವಲ್ಲ, ಅದರ ಹೆಸರು ಎಂದು ಅವನಿಗೆ ಹೊಳೆಯಿತು.

ಅರ್ಧ ಗಂಟೆಯಲ್ಲಿ ಥ್ರಾಸೋಸ್ ‘ಉಗ್ರಾಣ ಮಹಾಧಿಕಾರಿ’ಯಾದ. ಅಸಿಮೀನಾ ‘ಸಮಸ್ತ ಮಾರಾಟ ನಿರ್ದೇಶಕಿ’ಯಾದಳು. ಅರ್ಗೀರಿಸ್ ‘ಮುಖ್ಯದ್ವಾರ ಮಹಾಪಾಲಕ’ನಾದ. ಅಧಿಕಾರಗಳು ಬೆಳಿಗ್ಗೆ ಇದ್ದಷ್ಟೇ ಇದ್ದವು. ಎಲ್ಲರೂ ಹೊಸ ಬಟ್ಟೆ ತೊಟ್ಟ ಮಕ್ಕಳಂತೆ ಹಿಗ್ಗಿ ಹೋದರು.

ಉಳಿದದ್ದು ಎವ್ದೋಕಿಯಾ ಅಮ್ಮ. ಪಿಸ್ತಾ ಹಲ್ವಾ ಅಳಿಸಿದ್ದು ಯಾರೆಂದು ಪಂದೆಲಿಸನಿಗೆ ಆಗಲೇ ಗೊತ್ತಾಗಿತ್ತು. ಅಮ್ಮನ ಕಂಪ್ಯೂಟರಿನ ಕೀಲಿಮಣೆಯ ಸಂದುಗಳಲ್ಲೆಲ್ಲ ಬೂದುಬಣ್ಣದ ಕೂದಲು. ಹೆಸರು ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಫ್ರೋಸೋನೇ ಅದರ ಮೇಲೆ ಮಲಗಿದ್ದಳು. ಆ ಮಾತನ್ನು ಅವನು ಯಾರಿಗೂ ಹೇಳಲಿಲ್ಲ.

“ಅಮ್ಮಾ, ನಿಮ್ಮದು ‘ಸರ್ವೋಚ್ಚ ವೀಕ್ಷಕಿ’. ಎಲ್ಲವನ್ನೂ ನೋಡ್ತೀರಿ. ಗುಂಡಿ ಒತ್ತೋದೆಲ್ಲ ಕೆಳಗಿನವರ ಕೆಲಸ.”

ಅಮ್ಮನ ಮುಖ ಅರಳಿತು. “ರಜೆ ಕೊಡೋದು?”

ಅದನ್ನು ಯಾರೂ ಕೇಳಿರಲಿಲ್ಲ. ಬರೀ ತಲೆನೋವಿನ ಕೆಲಸ. “ಅದು ನನ್ನ ಹತ್ರ ಇರ್ಲಿ. ನನ್ನ ಹೆಸರು ‘ಸಹಾಯಕ’ ಅಂತಿರಲಿ.”

“ಎಂಥ ಮನುಷ್ಯನಪ್ಪ ನೀನು. ಆದರೆ ಒಂದು ಮಾತು, ಯಾರೂ ತಮ್ಮ ರಜೆಗೆ ತಾವೇ ಒಪ್ಪಿಗೆ ಹಾಕಿಕೊಳ್ಳೋ ಹಾಗಿರಬಾರದು.”

“ಹಾಕಿದ್ದೀನಮ್ಮ, ಆ ನಿಯಮ ಇದೆ. ಇನ್ನೊಂದು, ಹೋದ ವರ್ಷದ ಹಾಗೆ ನೀವು ಬಾಯಲ್ಲಿ ಹೇಳಿದ ರಜೆ ನಡೆಯಲ್ಲ. ನೀವು ಒಮ್ಮೆ ಸಡಿಲ ಬಿಟ್ಟರೆ ನಾಳೆ ಎಲ್ಲರೂ ನಿಮ್ಮ ಮನೆ ಬಾಗಿಲಲ್ಲಿ ನಿಲ್ತಾರೆ.”

ಆಗಲೇ ಥ್ರಾಸೋಸ್ ಮತ್ತೆ ಬಂದ. ‘ಮಹಾ’ ಅನ್ನುವುದು ಕಾವಲುಗಾರನಿಗೂ ಇದೆಯಂತೆ, ತನಗೆ ‘ಪರಮ’ ಬೇಕಂತೆ. ಪಂದೆಲಿಸ್ ಗಡಿಯಾರ ನೋಡಿದ. “ಅಮ್ಮಾ, ಇದಕ್ಕೊಂದು ಬೀಗ ಹಾಕಿಬಿಡೋಣ. ಸೆಪ್ಟೆಂಬರ್ ಬರೋವರೆಗೆ ಯಾರು ಬಂದರೂ ಬದಲಾಗಬಾರದು. ನಾನೇ ಬಂದರೂ.”

ಎವ್ದೋಕಿಯಾ ಅಮ್ಮ ಶಿಲುಬೆಯ ಗುರುತು ಹಾಕಿಕೊಂಡು ಬೀಗದ ಗುಂಡಿಯನ್ನು ತಾವೇ ಒತ್ತಿದರು. ಅವರು ಒತ್ತಿದ ಕೊನೆಯ ಗುಂಡಿ ಅದು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತು ಜನರನ್ನು ಒಬ್ಬರ ಕಾಲು ಒಬ್ಬರು ತುಳಿಯದಂತೆ ಇಷ್ಟು ಚೆಂದವಾಗಿ ಕೂರಿಸಿದ್ದನ್ನು ಆ ಕಾರ್ಖಾನೆ ಹಿಂದೆಂದೂ ಕಂಡಿರಲಿಲ್ಲ.

ರಜೆಯ ಅರ್ಜಿಗಳು ಬಂದವು. ಸಹಾಯಕ ಒಂದೊಂದಕ್ಕೂ ಒಪ್ಪಿಗೆ ಕೊಟ್ಟ. ಅಸಿಮೀನಾ ಅವನ ಕೆನ್ನೆಗೆ ಮುತ್ತಿಟ್ಟು ಹೋದಳು. ಥ್ರಾಸೋಸ್ ಬೆನ್ನು ಮುರಿಯುವಂತೆ ತಟ್ಟಿ ಹೋದ. ಅಮ್ಮ ಬೆಕ್ಕಿಗೆ ಊಟ ಹಾಕಲು ಅರ್ಗೀರಿಸನಿಗೆ ಹೇಳಿ ಕಾರು ಹತ್ತಿದರು. ಕೊನೆಗೆ ಪಂದೆಲಿಸ್ ಚೀಲ ಹೆಗಲಿಗೇರಿಸಿ, ನಿಂತುಕೊಂಡೇ ತನ್ನ ಅರ್ಜಿ ಹಾಕಿದ.

‘ನಿಮ್ಮ ಅರ್ಜಿಗೆ ನೀವೇ ಒಪ್ಪಿಗೆ ನೀಡುವಂತಿಲ್ಲ. ಒಪ್ಪಿಗೆ ನೀಡಬಲ್ಲ ಬೇರೊಬ್ಬರಿಗಾಗಿ ಕಾಯಲಾಗುತ್ತಿದೆ.’

ಬೇರೊಬ್ಬರು ಇರಲಿಲ್ಲ. ಬದಲಿಸೋಣವೆಂದರೆ ಬೀಗ. ತಾನೇ ಮಾಡಿದ ನಿಯಮ ಮುರಿದು ಹೊರಡುವುದು ಅವನಿಂದಾಗದ ಮಾತು. ಪಂದೆಲಿಸ್ ಚೀಲ ಕೆಳಗಿಟ್ಟು ಅಮ್ಮನಿಗೆ ಫೋನ್ ಮಾಡಿದ.

“ಅಯ್ಯೋ ಪಂದೆಲಿ, ಈಗ ತಾನೇ ಅಕ್ಕನಿಗೆ ನಿನ್ನ ವಿಷಯವೇ ಹೇಳ್ತಿದ್ದೆ” ಎಂದರು ಅಮ್ಮ. ಅವನು ಕಷ್ಟ ಹೇಳಿಕೊಂಡ. ಅಮ್ಮ ಅವನ ಅರ್ಜಿಯನ್ನು ತೆರೆದು ನೋಡಿದರು.

“ನನಗೆ ಕಾಣ್ತಾ ಇದೆಯಪ್ಪ, ಫೋನಿನಲ್ಲೇ ಕಾಣ್ತಾ ಇದೆ. ಒತ್ತೋಣ ಅಂದ್ರೆ ಗುಂಡಿಯೇ ಇಲ್ಲ.”

“ಬಾಯಲ್ಲಿ...”

“ಬಾಯಲ್ಲಿ ಹೇಳಿದ್ದು ನಡೆಯಲ್ಲ ಅಂತ ನೀನೇ ಅಂದೆಯಲ್ಲ. ನನ್ನ ಪರೀಕ್ಷೆ ಮಾಡ್ತಿದ್ದೀಯ, ಗೊತ್ತು ನಂಗೆ. ನಾನು ಸಡಿಲ ಬಿಡಲ್ಲ. ನಿನ್ನಂಥವನು ಸಿಗೋಕೆ ನಾವು ಪುಣ್ಯ ಮಾಡಿದ್ವಿ.” ಫೋನ್ ಇಟ್ಟರು.

ಅಷ್ಟರಲ್ಲಿ ಅರ್ಗೀರಿಸ್ ಓಡಿಬಂದ. “ಸ್ವಾಮಿ, ಒಬ್ಬರು ಉಳಿದರೆ ಸಾಕು, ಮಿಕ್ಕವರು ಹೋಗಬಹುದು ಅಂತ ಯಂತ್ರ ತೋರಿಸ್ತಾ ಇದೆ. ಉಳಿದವರು ನೀವಂತೆ. ಹಾಗಾದ್ರೆ ನನ್ನ ಅರ್ಜಿ...”

ಪಂದೆಲಿಸ್ ಅವನ ಮುಖ ನೋಡಿದ. ದಾರಿ ನೋಡುವ ಆ ತಾಯಿ ನೆನಪಾದಳು. ಗುಂಡಿ ಒತ್ತಿದ. ಆಮೇಲೆ ಮೇಣದಬತ್ತಿ ಮುರಿಯದಂತೆ ತನ್ನ ಕೋಟಿನಲ್ಲಿ ಸುತ್ತಿ ಚೀಲವನ್ನೂ ಟಿಕೆಟನ್ನೂ ಅವನ ಕೈಗಿಟ್ಟ. “ನನ್ನ ತಂಗಿ ಮನೆಗೆ ಕೊಟ್ಟುಬಿಡು. ಓಡು, ಹಡಗು ಕೂಗ್ತಿದೆ.”

ಮರುದಿನ ಮಧ್ಯಾಹ್ನ ಬಿಕೋ ಎನ್ನುವ ಕಚೇರಿಯಲ್ಲಿ ಫ್ರೋಸೋ ಅಮ್ಮನ ಕೀಲಿಮಣೆಯ ಮೇಲೆ ಮೈಚಾಚಿ ಮಲಗಿದ್ದಳು. ಪರದೆಯ ತುಂಬ ‘ನಿಮಗೆ ಅಧಿಕಾರವಿಲ್ಲ’ ಎಂದು ಬರುತ್ತಲೇ ಇತ್ತು. ಪಿಸ್ತಾ ಹಲ್ವಾದ ಕೂದಲೂ ಕೊಂಕಲಿಲ್ಲ. ತನ್ನ ಕೆಲಸ ಕಂಡು ಪಂದೆಲಿಸನಿಗೇ ಹೆಮ್ಮೆಯಾಯಿತು.

ಆಗ ಫೋನಿಗೆ ತಂಗಿಯ ಚಿತ್ರ ಬಂತು. ಧರ್ಮಪಿತನಿಲ್ಲದೆ ಪಾದ್ರಿ ಒಪ್ಪಲಿಲ್ಲವಂತೆ, ಚೀಲ ತಂದವನನ್ನೇ ಆ ಜಾಗದಲ್ಲಿ ನಿಲ್ಲಿಸಿದರಂತೆ. ಬಿಳಿ ಉಡುಪಿನ ಮಗು ಮುಖ್ಯದ್ವಾರ ಮಹಾಪಾಲಕನ ಎದೆಗೊರಗಿ, ಅವನ ಮೀಸೆಯ ತುದಿ ಹಿಡಿದುಕೊಂಡು ನಗುತ್ತಿತ್ತು.

ಪಂದೆಲಿಸ್ ಕನ್ನಡಕ ಒರೆಸಿಕೊಂಡು ಚಿತ್ರವನ್ನು ದೊಡ್ಡದು ಮಾಡಿದ. ಬಹಳ ಹೊತ್ತು ನೋಡಿದ. ಅಷ್ಟು ಅಧಿಕಾರವಾದರೂ ಅವನಿಗಿತ್ತು.